ಇಂಡೊನೇಷ್ಯಾದ ಹಳ್ಳಿಯಲ್ಲಿ ಹತ್ತು ಗುಂಟೆ: ನೆಲ ಯಾರದು, ಎಷ್ಟು ವರ್ಷಕ್ಕೆ?

ಗದ್ದೆಗೆ ಮುಖ ಮಾಡಿದ ಹತ್ತು ಆರೆ ಜಾಗ, ಉಬುದ್ ಪಟ್ಟಣದಿಂದ ಅರ್ಧ ಗಂಟೆ ದೂರ, ಇಪ್ಪತ್ತೈದು ವರ್ಷದ ಹಕ್ಕು. ಮೊಬೈಲ್ ತೆರೆದರೆ ಇಂಥ ಜಾಹೀರಾತುಗಳು ಈಗ ನಮ್ಮವರ ಕಣ್ಣಿಗೂ ಬೀಳುತ್ತಿವೆ. 2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನಿಂದ ಬಾಲಿಯ ದೆನ್‌ಪಸಾರ್‌ಗೆ ನೇರ ವಿಮಾನ ಆರಂಭವಾದ ಮೇಲೆ ಅಲ್ಲಿಗೆ ಹೋಗಿಬರುವುದು ಸುಲಭವಾಯಿತು. ಹೋದವರಲ್ಲಿ ಕೆಲವರು ಕಡಲತೀರ ಬಿಟ್ಟು ಒಳನಾಡಿನ ಹಳ್ಳಿಗಳಲ್ಲಿ ಉಳಿದು, ತೆಂಗು, ಬಾಳೆ, ಭತ್ತದ ಗದ್ದೆ ನೋಡಿ, ‘ಇಲ್ಲೇ ಒಂದು ತುಂಡು ಜಾಗ ಮಾಡಿಕೊಂಡರೆ ಹೇಗೆ’ ಎಂಬ ಪ್ರಶ್ನೆ ಹೊತ್ತು ಮರಳುತ್ತಿದ್ದಾರೆ.

ಆ ಜಾಹೀರಾತಿನಲ್ಲಿರುವ ‘ಆರೆ’ಯಿಂದಲೇ ಶುರು ಮಾಡೋಣ. ಒಂದು ಆರೆ ಎಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರಿಗೆ ತುಸು ಹೆಚ್ಚು. ಹಾಗಾಗಿ ಆರೆ ಎಂದಿದ್ದಲ್ಲೆಲ್ಲ ಗುಂಟೆ ಎಂದೇ ಓದಿಕೊಂಡರೂ ಲೆಕ್ಕ ತಪ್ಪುವುದಿಲ್ಲ. ಆದರೆ ಬಾಲಿಯಲ್ಲಿ ವಿದೇಶಿಯರಿಗೆ ದರ ಹೇಳುವ ಕ್ರಮ ಬೇರೆ: ಆರೆಗೆ, ವರ್ಷಕ್ಕೆ ಇಷ್ಟು ರುಪಿಯಾ (ಇಂಡೊನೇಷ್ಯಾದ ಹಣ). ಗುಂಟೆಯ ಜೊತೆಗೆ ವರ್ಷ ಏಕೆ ಬಂತು? ಏಕೆಂದರೆ ವಿದೇಶಿಯರಿಗೆ ಅಲ್ಲಿ ಸಿಗುವುದು ಕೆಲವು ವರ್ಷಗಳ ಬಳಕೆ ಮಾತ್ರ. ಹಾಗೇಕೆ ಎಂದು ತಿಳಿಯಬೇಕಾದರೆ ಮೊದಲು ಹಳ್ಳಿಯನ್ನು ನೋಡಬೇಕು, ಆಮೇಲೆ ಕಾನೂನನ್ನು, ಕೊನೆಗೆ ನೀರನ್ನು.

ಅಲ್ಲಿ ‘ದೇಸ’ ಎಂದರೆ ಹಳ್ಳಿ

ಇಂಡೊನೇಷ್ಯಾದಲ್ಲಿ 17,000ಕ್ಕೂ ಹೆಚ್ಚು ದ್ವೀಪಗಳಿವೆ, 38 ಪ್ರಾಂತ್ಯಗಳಿವೆ, ಸುಮಾರು 75,000 ಹಳ್ಳಿಗಳಿವೆ. ಹಳ್ಳಿಗೆ ಅವರ ಮಾತು ‘ದೇಸ’, ನಮ್ಮ ದೇಶವೇ. ರಾಷ್ಟ್ರಕ್ಕೆ ಅವರು ಹೇಳುವುದು ‘ನೆಗಾರಾ’, ನಮ್ಮ ನಗರವೇ. ಒಂದೇ ಸಂಸ್ಕೃತ ಪದಗಳು ಸಮುದ್ರ ದಾಟಿ ಹೀಗೆ ಅದಲುಬದಲಾಗಿವೆ. ಊರಿನ ಮುಖ್ಯಸ್ಥ ‘ಕೆಪಾಲ ದೇಸ’. ಕಪಾಲ, ಅಂದರೆ ತಲೆ. ಊರಿನ ತಲೆಯಾಳು ಎಂದು ಸಲೀಸಾಗಿ ಅರ್ಥವಾಗುತ್ತದೆ.

ಈ ಮುಖ್ಯಸ್ಥನನ್ನು ಊರವರೇ ಮತ ಹಾಕಿ ಆರಿಸುತ್ತಾರೆ. 2014ರ ಗ್ರಾಮ ಕಾನೂನಿನಲ್ಲಿ ಅವಧಿ ಆರು ವರ್ಷವಿತ್ತು, 2024ರ ತಿದ್ದುಪಡಿಯಲ್ಲಿ ಎಂಟು ವರ್ಷವಾಯಿತು. 2015ರಿಂದ ಕೇಂದ್ರ ಸರ್ಕಾರ ಪ್ರತಿ ಹಳ್ಳಿಗೂ ‘ದಾನಾ ದೇಸ’ ಎಂಬ ಹೆಸರಿನಲ್ಲಿ ಅನುದಾನ ಕೊಡುತ್ತಿದೆ. ಹೀಗಾಗಿ ಅಲ್ಲಿನ ಗ್ರಾಮ ಕಚೇರಿಗೆ ಅಧಿಕಾರವೂ ಇದೆ, ಹಣವೂ ಇದೆ. ಹಳ್ಳಿಯ ಮೇಲೆ ನಮ್ಮ ತಾಲ್ಲೂಕು, ಜಿಲ್ಲೆಗಳ ಹಾಗೆ ಕೆಚಾಮತಾನ್, ಕಬುಪಾತೆನ್ ಎಂಬ ಹಂತಗಳಿವೆ.

ಹೊರಗಿನಿಂದ ಹೋಗುವವರು ನಿಜವಾಗಿ ಅರಿಯಬೇಕಾದದ್ದು ಹಳ್ಳಿಯ ಕೆಳಗಿನ ಹಂತ. ಹತ್ತಾರು ಮನೆಗಳ ಒಂದು ಗುಂಪಿಗೆ ‘ಎರ್‌ತೆ’ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನೀಯರು ಆಳುತ್ತಿದ್ದಾಗ ಹುಟ್ಟಿದ ನೆರೆಹೊರೆಯ ವ್ಯವಸ್ಥೆ ಇದು, ಇಂದಿಗೂ ಗಟ್ಟಿಯಾಗಿದೆ. ಎರ್‌ತೆಗೊಬ್ಬ ಮುಖ್ಯಸ್ಥ ಇರುತ್ತಾನೆ. ಆತ ಸರ್ಕಾರಿ ನೌಕರನಲ್ಲ, ಅದೇ ಬೀದಿಯ ಹಿರಿಯನೋ ಮೇಷ್ಟರೋ ಅಂಗಡಿಯವನೋ ಆಗಿರುತ್ತಾನೆ. ವಾಸದ ದೃಢೀಕರಣ, ಮದುವೆ, ಸಾವು, ಹೊಸ ಬಾಡಿಗೆದಾರ, ಎಲ್ಲಕ್ಕೂ ಮೊದಲ ಸಹಿ ಅವನದು. ಜಾವಾದ ಹಳ್ಳಿಗಳಲ್ಲಿ ಓಣಿಯ ಬಾಯಲ್ಲಿ ಒಂದು ಫಲಕ ಕಾಣುತ್ತದೆ: ‘ತಾಮು 1×24 ಜಾಮ್ ವಾಜಿಬ್ ಲಾಪೋರ್’. ಬಂದ ನೆಂಟರು ಇಪ್ಪತ್ತನಾಲ್ಕು ಗಂಟೆಯೊಳಗೆ ವರದಿ ಮಾಡಲೇಬೇಕು ಎಂದು ಅರ್ಥ. ಹೊರಗಿನವರಿಗೆ ಇದು ಪೊಲೀಸ್ ಕಾಟದಂತೆ ಕಾಣಬಹುದು. ಆದರೆ ನಡೆಯುವುದು ಇಷ್ಟೇ: ಮನೆಯ ಯಜಮಾನ ಅತಿಥಿಯ ಪಾಸ್‌ಪೋರ್ಟಿನ ಪ್ರತಿ ಹಿಡಿದು ಎರ್‌ತೆ ಮುಖ್ಯಸ್ಥನ ಮನೆಗೆ ಹೋಗುತ್ತಾನೆ, ಅವನು ಹೆಸರು ಬರೆದುಕೊಳ್ಳುತ್ತಾನೆ. ಭೂಕಂಪವೋ ಪ್ರವಾಹವೋ ಆದರೆ ಯಾವ ಮನೆಯಲ್ಲಿ ಎಷ್ಟು ಜನ ಇದ್ದರು ಎಂದು ಹೇಳಬಲ್ಲ ಮನುಷ್ಯ ಅವನೇ.

ಬಾಲಿಯಲ್ಲಿ ಒಂದೇ ಊರಿಗೆ ಎರಡು ಹಳ್ಳಿ

ಬಾಲಿಯಲ್ಲಿ ಇನ್ನೊಂದು ಪದರ ಇದೆ. ಅಲ್ಲಿ ಸರ್ಕಾರಿ ಹಳ್ಳಿ ‘ದೇಸ ದಿನಾಸ್’ ಒಂದು, ಸಂಪ್ರದಾಯದ ಹಳ್ಳಿ ‘ದೇಸ ಅದಾತ್’ ಇನ್ನೊಂದು. ಗುರುತಿನ ಚೀಟಿ, ತೆರಿಗೆ ಮೊದಲನೆಯದರ ಕೆಲಸ. ದೇವಸ್ಥಾನ, ಸ್ಮಶಾನ, ಹಬ್ಬ, ಊರ ಕಟ್ಟಳೆ ಎರಡನೆಯದರ ಕೆಲಸ. ಇಡೀ ಬಾಲಿಯಲ್ಲಿ ಸುಮಾರು 1,500 ದೇಸ ಅದಾತ್‌ಗಳಿವೆ. 2019ರ ಪ್ರಾಂತೀಯ ನಿಯಮ ಇವಕ್ಕೆ ಕಾನೂನಿನ ಬಲವನ್ನೂ ಕೊಟ್ಟಿದೆ. ಇವುಗಳ ಒಳಗೆ ‘ಬಂಜಾರ್’ ಎಂಬ ಕೇರಿಗಳು. ಮರದ ‘ಕುಲ್‌ಕುಲ್’ ಬಡಿದರೆ ಬಂಜಾರಿನ ಪ್ರತಿ ಮನೆಯಿಂದ ಒಬ್ಬರು ಸಭೆಗೋ ಸಾವಿನ ಮನೆಯ ಕೆಲಸಕ್ಕೋ ಬರಬೇಕು.

ಊರಿನ ಕಟ್ಟಳೆಗಳನ್ನು ‘ಅವಿಗ್-ಅವಿಗ್’ ಎನ್ನುತ್ತಾರೆ. ಒಂದೂರಿನದು ಇನ್ನೊಂದೂರಿಗೆ ಅನ್ವಯಿಸದು. ಹೊರಗಿನವರು ಜಾಗ ಪಡೆದರೆ ಬಂಜಾರಿಗೆ ಎಷ್ಟು ವಂತಿಗೆ ಕೊಡಬೇಕು, ದೇವಸ್ಥಾನದ ಸುತ್ತ ಎಷ್ಟು ದೂರ ಕಟ್ಟಬಾರದು, ಊರಿನ ಕೆಲವು ಜಮೀನನ್ನು ಹೊರಗಿನವರಿಗೆ ಕೊಡಲೇಬಾರದು ಎಂಬಂಥವೆಲ್ಲ ಇದರಲ್ಲಿ ಬರಬಹುದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಮಾಡಿಸಿಕೊಂಡರೆ ನಮ್ಮಲ್ಲಿ ಮುಕ್ಕಾಲು ಕೆಲಸ ಮುಗಿದಂತೆ. ಬಾಲಿಯಲ್ಲಿ ಬಂಜಾರಿನ ಸಭೆಯ ಒಪ್ಪಿಗೆ ಇಲ್ಲದೆ ಪತ್ರ ಒಂದೇ ಇದ್ದರೆ, ಗೇಟಿನ ಮುಂದಿನ ದಾರಿಗೇ ತಕರಾರು ಬರಬಹುದು.

ನೆಲದ ಹಕ್ಕಿಗೆ ನಾಲ್ಕು ಬಗೆ

ಇಂಡೊನೇಷ್ಯಾದ ಭೂಮಿಯ ಮೂಲ ಕಾನೂನು 1960ರದು. ಡಚ್ಚರ ಕಾಲದಲ್ಲಿ ದೊಡ್ಡ ದೊಡ್ಡ ತೋಟಗಳೆಲ್ಲ ಹೊರಗಿನವರ ಕೈಯಲ್ಲಿದ್ದ ನೆನಪು ಆಗಿನ್ನೂ ಹಸಿಯಾಗಿತ್ತು. ಅದಕ್ಕೇ ಆ ಕಾನೂನು ಪೂರ್ಣ ಒಡೆತನವನ್ನು ತನ್ನ ಪ್ರಜೆಗಳಿಗೆ ಮಾತ್ರ ಮೀಸಲಿಟ್ಟಿತು. ಕನ್ನಡಿಗರಿಗೆ ಇದು ತೀರಾ ಅಪರಿಚಿತವಲ್ಲ. 2020ರ ತಿದ್ದುಪಡಿ ಬರುವ ತನಕ ಕರ್ನಾಟಕದಲ್ಲೇ ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳುವುದಕ್ಕೆ ತಡೆಯಿತ್ತು. ಅನಿವಾಸಿ ಭಾರತೀಯರು ಇಂದಿಗೂ ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ.

ಪೂರ್ಣ ಒಡೆತನಕ್ಕೆ ಅಲ್ಲಿನ ಹೆಸರು ‘ಹಕ್ ಮಿಲಿಕ್’. ನಮ್ಮ ಹಕ್ಕು, ಮಾಲೀಕ ಎಂಬ ಎರಡು ಮಾತುಗಳು ಎಲ್ಲಿಂದ ಬಂದವೋ ಅದೇ ಅರಬ್ಬಿ ಮೂಲದಿಂದ ಬಂದದ್ದು ಇದು. ಪೀಳಿಗೆಯಿಂದ ಪೀಳಿಗೆಗೆ ಇಳಿಯುವ, ಅವಧಿಯ ಮಿತಿ ಇಲ್ಲದ ಹಕ್ಕು. ವಿದೇಶಿಯನಿಗೆ ಇದು ಸಿಗುವುದಿಲ್ಲ. ಉತ್ತರಾಧಿಕಾರದಿಂದಲೋ ಮದುವೆಯಿಂದಲೋ ಕೈಗೆ ಬಂದರೂ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಕಳ್ಳದಾರಿಯಿಂದ ವಿದೇಶಿಗೆ ವರ್ಗಾಯಿಸಿದರೆ ಆ ವರ್ಗಾವಣೆಯೇ ಅಸಿಂಧು. ಜಮೀನು ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ವಾಪಸ್ ಕೇಳುವ ಹಕ್ಕೂ ಇರುವುದಿಲ್ಲ.

ಎರಡನೆಯದು ‘ಹಕ್ ಗುನಾ ಬಾಂಗುನಾನ್’: ಬೇರೆಯವರ ಅಥವಾ ಸರ್ಕಾರದ ನೆಲದ ಮೇಲೆ ಕಟ್ಟಡ ಕಟ್ಟಿ ಇಟ್ಟುಕೊಳ್ಳುವ ಹಕ್ಕು. ಸರ್ಕಾರಿ ನೆಲವಾದರೆ ಮೊದಲು 30 ವರ್ಷ, ವಿಸ್ತರಣೆ 20, ನವೀಕರಣ ಮತ್ತೆ 30. ವಿದೇಶಿ ವ್ಯಕ್ತಿಗೆ ಇದು ನೇರವಾಗಿ ಸಿಗದು, ಆತ ಅಲ್ಲಿ ನೋಂದಾಯಿಸಿದ ಕಂಪನಿಗೆ ಸಿಗುತ್ತದೆ. ಮೂರನೆಯದು ‘ಹಕ್ ಪಕಾಯ್’, ಬಳಸುವ ಹಕ್ಕು. ವಾಸದ ಪರವಾನಗಿ ಇರುವ ವಿದೇಶಿ ವ್ಯಕ್ತಿ ಒಂದು ಮನೆಗೆ ಇದನ್ನು ಪಡೆಯಬಹುದು. ಆದರೆ ಕನಿಷ್ಠ ಬೆಲೆಯ ಮಿತಿ ಇದೆ. 2022ರ ಆದೇಶದಂತೆ ಬಾಲಿಯಲ್ಲಿ ಅದು 500 ಕೋಟಿ ರುಪಿಯಾ. ಒಂದು ರೂಪಾಯಿಗೆ ಸ್ಥೂಲವಾಗಿ 180ರಿಂದ 190 ರುಪಿಯಾ ಎಂದು ಹಿಡಿದರೆ ಎರಡೂವರೆ ಕೋಟಿ ರೂಪಾಯಿ ದಾಟುತ್ತದೆ. ಹಳ್ಳಿಯಲ್ಲಿ ಪುಟ್ಟ ಮನೆ ಬೇಕೆನ್ನುವವರಿಗೆ ಇದು ಎಟುಕದ ಮಾತು.

ಹೀಗೆ ಉಳಿಯುವುದು ನಾಲ್ಕನೆಯದು: ಗುತ್ತಿಗೆ. ಹಳ್ಳಿಗಳಲ್ಲಿ ವಿದೇಶಿಯರು ಮಾಡಿಕೊಳ್ಳುವ ಹೆಚ್ಚಿನ ವ್ಯವಹಾರ ಇದೇ. ಸಾಮಾನ್ಯವಾಗಿ 25ರಿಂದ 30 ವರ್ಷಕ್ಕೆ, ಹಣ ಪೂರ್ತಿ ಮುಂಗಡ. ಹಾಗಾಗಿ ಬೆಲೆಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಈ ಗುತ್ತಿಗೆಯ ಸ್ವಭಾವ ನಮ್ಮ ಭೋಗ್ಯದ ಮನೆಗಿಂತ ಬೇರೆ. ಭೋಗ್ಯದಲ್ಲಿ ಅವಧಿ ಮುಗಿದಾಗ ಹಣ ವಾಪಸ್ ಬರುತ್ತದೆ. ಇಲ್ಲಿ ಅವಧಿ ಮುಗಿದಾಗ ಹಣವೂ ಹೋಗಿರುತ್ತದೆ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೆ ನೀವು ಕಟ್ಟಿದ ಮನೆಯೂ ನೆಲದೊಂದಿಗೆ ಮಾಲೀಕನಿಗೆ ಉಳಿಯುತ್ತದೆ. ವರ್ಷ ಕಳೆದ ಹಾಗೆ ಅದರ ಮರುಮಾರಾಟದ ಬೆಲೆ ಕರಗುತ್ತದೆ: 30 ವರ್ಷದ್ದಾಗಿದ್ದ ಗುತ್ತಿಗೆಯನ್ನು ಹನ್ನೆರಡನೇ ವರ್ಷ ಮಾರಹೊರಟರೆ ಕೊಳ್ಳುವವನಿಗೆ ಸಿಗುವುದು 18 ವರ್ಷ ಮಾತ್ರ. ‘ವಿಸ್ತರಣೆ ಖಚಿತ’ ಎಂಬ ಮಾತಿನ ಕೆಳಗೆ ‘ಆ ಕಾಲದ ಮಾರುಕಟ್ಟೆ ದರದಲ್ಲಿ’ ಎಂದು ಬರೆದಿದೆಯೇ ಎಂಬುದನ್ನು ಕಣ್ಣಿಟ್ಟು ಓದಬೇಕು.

ಇವೆಲ್ಲಕ್ಕೂ ಅಡ್ಡದಾರಿಯೆಂದು ದಲ್ಲಾಳಿಗಳು ತೋರಿಸುವುದು ‘ಪಿಂಜಾಮ್ ನಾಮಾ’. ಹೆಸರು ಎರವಲು ಪಡೆಯುವುದು ಎಂದು ಅದರ ಅರ್ಥ. ನಾವು ಬೇನಾಮಿ ಎನ್ನುವುದನ್ನೇ ಅವರು ಹೀಗೆ ಕರೆಯುತ್ತಾರೆ. ಸ್ಥಳೀಯನೊಬ್ಬನ ಹೆಸರಿನಲ್ಲಿ ಹಕ್ ಮಿಲಿಕ್ ಮಾಡಿಸಿ, ಪಕ್ಕದಲ್ಲಿ ಸಾಲಪತ್ರ, ಅಧಿಕಾರಪತ್ರ ಬರೆಸಿಕೊಳ್ಳುವ ಏರ್ಪಾಡು. ಪತ್ರಗಳು ಎಷ್ಟೇ ದಪ್ಪವಾಗಿರಲಿ, ವಿದೇಶಿಗೆ ಒಡೆತನ ಕೊಡುವ ಉದ್ದೇಶ ಅದರಲ್ಲಿ ಕಂಡುಬಂದರೆ ಮೇಲೆ ಹೇಳಿದ ಅಸಿಂಧು ನಿಯಮ ತಾಗುತ್ತದೆ. ಹೆಸರು ಕೊಟ್ಟವನು ಸತ್ತರೆ ಜಮೀನು ಅವನ ಮಕ್ಕಳ ಪಾಲು. ಅವನ ಮನೆಯಲ್ಲಿ ವಿಚ್ಛೇದನವಾದರೆ ಅದೂ ಆಸ್ತಿ ವಿಭಜನೆಯ ಪಟ್ಟಿಗೆ ಬರಬಹುದು. ಇದರಲ್ಲಿ ಕಳೆದುಕೊಳ್ಳುವವರು ಹೆಚ್ಚಾಗಿ ಜೀವಮಾನದ ಉಳಿತಾಯ ತಂದವರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪಹಣಿ ಇದ್ದ ಹಾಗೆ ಗಿರಿಕ್

ಹಕ್ಕು ಯಾವುದೇ ಇರಲಿ, ಎದುರಿಗಿರುವ ಮಾಲೀಕನ ಕಾಗದ ಸರಿ ಇರಬೇಕಲ್ಲ. ಹಳ್ಳಿಗಳಲ್ಲಿ ಅನೇಕ ಕುಟುಂಬಗಳು ತಲೆಮಾರುಗಳಿಂದ ಜಮೀನು ಉಳುತ್ತಿದ್ದರೂ ಅವರ ಬಳಿ ಭೂನೋಂದಣಿ ಇಲಾಖೆಯ ‘ಸೆರ್ತಿಫಿಕಾತ್’ ಇರುವುದಿಲ್ಲ. ಇರುವುದು ‘ಗಿರಿಕ್’, ‘ಪೆತೋಕ್’, ‘ಲೆತೆರ್ ಸೆ’ ಎಂಬ ಹಳೆಯ ಕಾಗದಗಳು. ಇವು ಹಿಂದೆ ಕಂದಾಯ ಕಟ್ಟಿದ್ದಕ್ಕೆ, ಜಮೀನು ಯಾರ ಅನುಭೋಗದಲ್ಲಿತ್ತು ಎಂಬುದಕ್ಕೆ ಗುರುತು, ಒಡೆತನದ ಪತ್ರವಲ್ಲ. ಪಹಣಿಯೊಂದನ್ನೇ ನಂಬಿ ನಾವು ಜಮೀನು ಕೊಳ್ಳುತ್ತೇವೆಯೇ? ಹಾಗೆ.

ಈಗ ಇದಕ್ಕೆ ಗಡುವೂ ಬಂದುಹೋಗಿದೆ. 2021ರ ಸರ್ಕಾರಿ ನಿಯಮ ಹಳೆಯ ಕಾಗದಗಳಿರುವ ಜಮೀನನ್ನು ಐದು ವರ್ಷದೊಳಗೆ ನೋಂದಾಯಿಸಬೇಕೆಂದಿತು. ಆ ಐದು ವರ್ಷ 2026ರ ಫೆಬ್ರುವರಿಗೆ ಮುಗಿಯಿತು. ಅಲ್ಲಿಂದ ಮುಂದೆ ಗಿರಿಕ್ ಸಾಕ್ಷ್ಯಪತ್ರವಾಗಿ ನಿಲ್ಲದು, ಜಮೀನಿನ ಹಿನ್ನೆಲೆ ತಿಳಿಸುವ ಸುಳಿವು ಮಾತ್ರ. ಹಾಗೆಂದು ರೈತನ ಜಮೀನು ಹೋಗುವುದಿಲ್ಲ. ಅನುಭೋಗ ತೋರಿಸಿ ನೋಂದಾಯಿಸಿಕೊಳ್ಳಬಹುದು. ಆದರೆ ಗಿರಿಕ್ ತೋರಿಸಿ ಮುಂಗಡ ಕೇಳುವವರ ಮುಂದೆ ಕೈಚೀಲ ಬಿಚ್ಚಬಾರದು.

ಸೆರ್ತಿಫಿಕಾತ್ ಇದ್ದರೂ ಮುಂದಿನ ಪ್ರಶ್ನೆ ಕುಟುಂಬದ್ದು. ಉತ್ತರಾಧಿಕಾರಿಗೆ ಅಲ್ಲಿ ‘ಅಹ್ಲಿ ವಾರಿಸ್’ ಎನ್ನುತ್ತಾರೆ. ನಮ್ಮ ವಾರಸುದಾರನ ‘ವಾರಸು’ ಇದೇ. ಪತ್ರ ಸತ್ತುಹೋದ ತಾತನ ಹೆಸರಿನಲ್ಲೇ ಇದ್ದು, ಮಕ್ಕಳು ಜಕಾರ್ತಾ, ಕಾಲಿಮಂತಾನ್, ಮಲೇಷ್ಯಾಗಳಲ್ಲಿ ಹರಡಿಕೊಂಡಿರುವುದು ಅಪರೂಪವಲ್ಲ. ಎಲ್ಲರ ಸಹಿಯೂ ಬೇಕು. ಒಬ್ಬ ತಂಗಿಯ ಸಹಿ ತಪ್ಪಿದರೂ ಹತ್ತು ವರ್ಷದ ಮೇಲೆ ವ್ಯಾಜ್ಯ ಏಳಬಹುದು. ಪಿತ್ರಾರ್ಜಿತ ಜಮೀನಿನ ಗೊಂದಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮಾರಲೇಬಾರದ ಜಮೀನುಗಳಿವೆ. ಜಾವಾದಲ್ಲಿ ‘ಬೆಂಗ್ಕೊಕ್’ ಎಂದರೆ ಊರಿನ ಮುಖ್ಯಸ್ಥನಿಗೆ ಸಂಬಳದ ಬದಲು ಉತ್ತು ತಿನ್ನಲು ಬಿಟ್ಟ ಊರ ಜಮೀನು. ಪಟೇಲ, ಶಾನುಭೋಗರಿಗಿದ್ದ ಉಂಬಳಿಯನ್ನು ನೆನೆದರೆ ಸಾಕು. ಹುದ್ದೆ ಹೋದರೆ ಜಮೀನೂ ಹೋಗುತ್ತದೆ. ಯೋಗ್ಯಕರ್ತ ಪಕ್ಕದ ಸ್ಲೆಮಾನ್‌ನಲ್ಲಿ ಗ್ರಾಮದ ಜಮೀನಿನ ಮೇಲೆ ಮನೆ ಕಟ್ಟಿ ಹಂಚಿದ ಪ್ರಕರಣ 2023ರಲ್ಲಿ ದೊಡ್ಡದಾಗಿ, ಕಟ್ಟಡದವರೊಂದಿಗೆ ಗ್ರಾಮದ ಮುಖ್ಯಸ್ಥನೂ ಜೈಲು ಸೇರಿದ. ಹಣ ಕೊಟ್ಟವರು ನಡುವೆ ಸಿಕ್ಕಿಕೊಂಡರು. ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವು ಜನರಲ್ಲಿ ಹಿರಿಯರ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ, ಯಜಮಾನಿಕೆ ಸೋದರಮಾವನದು. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ಇದು ಮನೆಯ ಮಾತು. ಆ ಆಸ್ತಿಯನ್ನು ಮಾರುವುದಿರಲಿ, ಒಬ್ಬರೇ ನಿಂತು ಗುತ್ತಿಗೆ ಕೊಡುವಂತೆಯೂ ಇಲ್ಲ.

ಇದನ್ನೆಲ್ಲ ನೋಡುವವರು ಯಾರು? ‘ನೊತಾರಿಸ್’ ಕರಾರು ಬರೆಯುತ್ತಾರೆ. ‘ಪೆ-ಪೆ-ಆ-ತೆ’ ಎಂಬ ಅಧಿಕಾರವಿರುವವರು ಭೂಮಿಯ ಪತ್ರ ಮಾಡುತ್ತಾರೆ. ಹೆಚ್ಚಾಗಿ ಒಬ್ಬರೇ ಎರಡೂ ಆಗಿರುತ್ತಾರೆ. ಅವರು ಭೂಕಚೇರಿಯಲ್ಲಿ ಸೆರ್ತಿಫಿಕಾತ್ ಅಸಲಿಯೇ, ಸಾಲಕ್ಕೆ ಅಡವಿದೆಯೇ, ವ್ಯಾಜ್ಯವಿದೆಯೇ ಎಂದು ಪರಿಶೀಲಿಸಿ ಕೊಡಬೇಕು. ಅಂದರೆ ನಮ್ಮ ಋಣಭಾರ ಪತ್ರದ ಕೆಲಸ. ಮಾರುವವನೋ ದಲ್ಲಾಳಿಯೋ ತೋರಿಸಿದ ನೊತಾರಿಸ್ ಬೇಡ; ಬೇರೆಯವರನ್ನು ನೀವೇ ಹುಡುಕಿಕೊಳ್ಳಿ.

ಗದ್ದೆಯ ನೀರಿನ ಲೆಕ್ಕ

ಜಾಹೀರಾತಿನ ಚಿತ್ರದಲ್ಲಿ ಗದ್ದೆ ಹಸಿರಾಗಿ ಕಾಣುತ್ತದೆ. ಅದು ಹಸಿರಾಗಿರುವುದಕ್ಕೆ ಕಾರಣ ಒಂದು ಮರದ ತುಂಡು.

ಬಾಲಿಯಲ್ಲಿ ಕಾಲುವೆ ಕವಲೊಡೆಯುವಲ್ಲಿ ನೀರಿಗೆ ಅಡ್ಡಲಾಗಿ ಒಂದು ದಿಮ್ಮಿ ಮಲಗಿಸಿರುತ್ತಾರೆ. ಈಗೀಗ ಸಿಮೆಂಟಿನದೂ ಇದೆ. ಅದರ ಮೇಲ್ತುದಿಯಲ್ಲಿ ಅಳತೆ ಮಾಡಿ ಕೊರೆದ ಕಚ್ಚುಗಳು. ಒಂದು ಕಚ್ಚು ಅಗಲ, ಪಕ್ಕದ್ದು ಅದರ ಅರ್ಧ. ಎಲ್ಲದರ ಆಳ ಒಂದೇ. ನೀರು ದಿಮ್ಮಿಗೆ ತಾಗಿ ಒಂದು ಗಳಿಗೆ ತಡೆದು, ಕಚ್ಚುಗಳಲ್ಲಿ ತೆಳ್ಳಗೆ ಜಾರಿ, ಬೇರೆ ಬೇರೆ ಕಾಲುವೆಗೆ ಬೀಳುತ್ತದೆ. ಕಾಲುವೆಯಲ್ಲಿ ನೀರು ಹೆಚ್ಚಿರಲಿ ಕಡಿಮೆ ಇರಲಿ, ಪಾಲಿನ ಪ್ರಮಾಣ ಬದಲಾಗದು. ಈ ದಿಮ್ಮಿಗೆ ‘ತೆಂಬುಕು’ ಎಂದು ಹೆಸರು. ಇದನ್ನು ಕಾಯುವ ರೈತರ ಸಂಘ ‘ಸುಬಾಕ್’, ಅದರ ಮುಖ್ಯಸ್ಥ ‘ಪೆಕಾಸೆ’. ನಮ್ಮ ಕೆರೆಯ ನೀರುಗಂಟಿಗೂ ಪೆಕಾಸೆಗೂ ಹೋಲಿಕೆ ಇದೆ, ಆದರೆ ಪೆಕಾಸೆಯನ್ನು ರೈತರೇ ಆರಿಸುತ್ತಾರೆ. ಅವನ ಕೆಲಸ ತೂಬಿನೊಂದಿಗೆ ಮುಗಿಯುವುದಿಲ್ಲ. ಯಾವ ವಾರ ನಾಟಿ, ಯಾವಾಗ ಗದ್ದೆ ಒಣಗಬೇಕು ಎಂಬುದನ್ನೆಲ್ಲ ಸುಬಾಕ್‌ಗಳು ನೀರಿನ ದೇವಸ್ಥಾನಗಳ ಸುತ್ತ ಸೇರಿ ತೀರ್ಮಾನಿಸುತ್ತವೆ. ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಒಣಗಿದರೆ ಕೀಟಕ್ಕೆ ಆಹಾರ ಸಿಗದೆ ಸಾಯುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. 1970ರ ದಶಕದಲ್ಲಿ ಹೊಸ ತಳಿ ತಂದು, ಯಾರು ಬೇಕಾದರೂ ಯಾವಾಗ ಬೇಕಾದರೂ ನಾಟಿ ಮಾಡಬಹುದೆಂದಾಗ ಕೀಟಬಾಧೆ ಹೆಚ್ಚಿ, ಹಳೆಯ ಕ್ರಮದ ಬೆಲೆ ಎಲ್ಲರಿಗೂ ತಿಳಿಯಿತು. 2012ರಲ್ಲಿ ಯುನೆಸ್ಕೊ ಸುಬಾಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜತಿಲುವಿಯ ಪ್ರಸಿದ್ಧ ಮೆಟ್ಟಿಲು ಗದ್ದೆಗಳು ಅದರ ಭಾಗ.

ಈಗ ಈ ಗದ್ದೆಗಳ ನಡುವಿನ ಹತ್ತು ಆರೆಯಲ್ಲಿ ಒಂದು ಮನೆ, ಈಜುಕೊಳ ಎದ್ದಿತು ಎನ್ನಿ. ತಳಪಾಯಕ್ಕೆ ಮಣ್ಣು ತುಂಬುವಾಗ ಕಾಲುವೆ ಮುಚ್ಚಿದರೆ ಕೆಳಗಿನ ಗದ್ದೆಗಳಿಗೆ ನೀರಿಲ್ಲ. ನೀರಿಲ್ಲದ ರೈತ ತನ್ನ ಗದ್ದೆಯನ್ನೂ ಗುತ್ತಿಗೆಗೆ ಕೊಡುತ್ತಾನೆ. ಅಲ್ಲೂ ಒಂದು ಮನೆ ಏಳುತ್ತದೆ. ಹೀಗೆ ಕೆಲವೇ ವರ್ಷಗಳಲ್ಲಿ ಯಾವ ನೋಟಕ್ಕಾಗಿ ಹಣ ಕೊಟ್ಟೆವೋ ಆ ನೋಟವೇ ಇರುವುದಿಲ್ಲ.

ಸರ್ಕಾರ ಇದನ್ನು ತಡೆಯಲು ವಲಯಗಳನ್ನು ಗುರುತಿಸಿದೆ. ವಾಸದ ವಲಯ, ಪ್ರವಾಸೋದ್ಯಮದ ವಲಯ, ಕೃಷಿ ವಲಯ, ಏನನ್ನೂ ಕಟ್ಟಬಾರದ ಹಸಿರು ವಲಯ. ರಕ್ಷಿತ ಕೃಷಿ ಭೂಮಿಯನ್ನು ಬದಲಿಸುವುದು 2009ರ ಕಾನೂನಿನಂತೆ ಅಪರಾಧ. ಇದು ಬರೀ ಪುಸ್ತಕದ ಮಾತಲ್ಲ: ಉಬುದ್ ಬಳಿ ವಿದೇಶಿಯರ ವಸತಿ ಸಂಕೀರ್ಣವೊಂದನ್ನು ಗದ್ದೆ ಜಮೀನಿನ ಮೇಲೆ ಕಟ್ಟಿದ್ದಕ್ಕಾಗಿ 2025ರ ಜನವರಿಯಲ್ಲಿ ಮುಚ್ಚಿಸಲಾಯಿತು, ಅದನ್ನು ನಡೆಸುತ್ತಿದ್ದ ವಿದೇಶಿಯ ಮೇಲೆ ಮೊಕದ್ದಮೆಯಾಯಿತು. ಅದೇ ವರ್ಷ ನವೆಂಬರಿನಲ್ಲಿ ನುಸಾ ಪೆನಿಡಾ ದ್ವೀಪದ ಕಡಿದಾದ ಬಂಡೆಗೆ ಕಟ್ಟುತ್ತಿದ್ದ ಗಾಜಿನ ಲಿಫ್ಟನ್ನು ಕೆಡವುವಂತೆ ಬಾಲಿಯ ಗವರ್ನರ್ ಆದೇಶಿಸಿದರು. ಡಿಸೆಂಬರಿನಲ್ಲಿ ಜತಿಲುವಿಯಲ್ಲಿ ಗದ್ದೆ ನಡುವಿನ ಹೋಟೆಲುಗಳಿಗೆ ಅಧಿಕಾರಿಗಳು ಬೀಗಮುದ್ರೆ ಹಾಕಿದಾಗ ಸ್ಥಳೀಯ ರೈತರೇ ಗದ್ದೆಗಳಲ್ಲಿ ತಗಡಿನ ಹಾಳೆಗಳನ್ನು ನಿಲ್ಲಿಸಿ ಪ್ರತಿಭಟಿಸಿದರು. ಪ್ರವಾಸಿಗರು ನೋಡಲು ಬರುವುದು ನಮ್ಮ ಗದ್ದೆಯನ್ನು, ಆ ಗಳಿಕೆಯಲ್ಲಿ ನಮಗೂ ಪಾಲು ಬೇಡವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅದು ನ್ಯಾಯವಾದ ಪ್ರಶ್ನೆ.

ಹಣ ಹೂಡಬೇಕೆಂದರೆ

ಹಳ್ಳಿಯಲ್ಲಿ ಮನೆ ಮಾಡಿ ಪ್ರವಾಸಿಗರಿಗೆ ಬಾಡಿಗೆ ಕೊಟ್ಟರೆ ಅದು ವ್ಯಾಪಾರ. ವಿದೇಶಿಯರಿಗೆ ಅದಕ್ಕೆ ಅಲ್ಲಿ ನೋಂದಾಯಿಸಿದ ಕಂಪನಿ ಬೇಕು. ಸಾಮಾನ್ಯ ನಿಯಮದಂತೆ ಜಮೀನು, ಕಟ್ಟಡದ ಬೆಲೆ ಬಿಟ್ಟು ಹೂಡಿಕೆಯ ಯೋಜನೆ 1,000 ಕೋಟಿ ರುಪಿಯಾಕ್ಕಿಂತ ಹೆಚ್ಚಿರಬೇಕು; ಅಂದರೆ ಐದು ಕೋಟಿ ರೂಪಾಯಿಗೂ ಹೆಚ್ಚು. ಸಣ್ಣ ವ್ಯಾಪಾರಗಳು ಸ್ಥಳೀಯರಿಗೇ ಉಳಿಯಲಿ ಎಂಬುದು ಇದರ ಉದ್ದೇಶ. ಕಟ್ಟಡಕ್ಕೆ ‘ಪೆ-ಬೆ-ಗೆ’ ಎಂಬ ಅನುಮತಿ, ಮುಗಿದ ಮೇಲೆ ಬಳಕೆಗೆ ಯೋಗ್ಯ ಎಂಬ ಪ್ರಮಾಣಪತ್ರ ಬೇಕು.

ಭಾರತದಿಂದ ಹಣ ಕಳಿಸುವವರಿಗೆ ಇಲ್ಲಿನ ನಿಯಮವೂ ಅನ್ವಯಿಸುತ್ತದೆ. ನಿವಾಸಿ ಭಾರತೀಯರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್ ವರೆಗೆ ಹೊರಕ್ಕೆ ಕಳಿಸಬಹುದು. ಹೂಡಿಕೆಗಾಗಿ ಕಳಿಸುವ ಮೊತ್ತ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಮೇಲಿನ ಭಾಗಕ್ಕೆ ಬ್ಯಾಂಕು ಶೇ 20ರಷ್ಟು ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ವಿದೇಶದ ಸ್ಥಿರಾಸ್ತಿಯನ್ನು ಪ್ರತಿ ವರ್ಷದ ರಿಟರ್ನ್ಸ್‌ನಲ್ಲಿ ಕಡ್ಡಾಯವಾಗಿ ತೋರಿಸಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಹಳ್ಳಿಯ ಹೂಡಿಕೆ ಎಂದರೆ ಹೊರಗಿನವರ ಹಣವೇ ಆಗಬೇಕಿಲ್ಲ. ಮಧ್ಯ ಜಾವಾದ ಕ್ಲಾತೆನ್ ಜಿಲ್ಲೆಯ ಪೊಂಗ್ಗೊಕ್ ಒಂದು ಕಾಲದಲ್ಲಿ ಬಡ ಹಳ್ಳಿ. ಅಲ್ಲೊಂದು ಹಳೆಯ ಬುಗ್ಗೆಯ ಕೊಳವಿದೆ, ನೀರು ತಳ ಕಾಣುವಷ್ಟು ತಿಳಿ. 2009ರಲ್ಲಿ ಊರು ತನ್ನದೇ ಉದ್ಯಮ ಸಂಸ್ಥೆ ಕಟ್ಟಿ ಆ ಕೊಳವನ್ನು ಪ್ರವಾಸಿ ತಾಣ ಮಾಡಿತು. ನೀರಿನ ತಳದಲ್ಲಿ ಬೈಕು, ಬೆಂಚು ಇಟ್ಟು, ಮೀನುಗಳ ನಡುವೆ ಕೂತು ಫೋಟೊ ತೆಗೆಸಿಕೊಳ್ಳುವ ಏರ್ಪಾಡು. ಊರವರೇ ಪಾಲು ಹಣ ಹಾಕಿದರು, ಲಾಭ ಅವರಿಗೇ ಬರುತ್ತದೆ. ಯೋಗ್ಯಕರ್ತ ಬಳಿಯ ನ್ಗ್ಲಾಂಗ್ಗೆರಾನ್ ಹಳ್ಳಿ ಪುರಾತನ ಜ್ವಾಲಾಮುಖಿಯ ಬಂಡೆಗಳನ್ನೇ ನೆಚ್ಚಿ, ಊರ ಯುವಕರಿಂದಲೇ ಚಾರಣ, ಹೋಂಸ್ಟೇ ನಡೆಸಿ, 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯಿಂದ ಉತ್ತಮ ಪ್ರವಾಸಿ ಹಳ್ಳಿ ಎನಿಸಿಕೊಂಡಿತು. ನಮ್ಮ ಗ್ರಾಮ ಪಂಚಾಯಿತಿಗಳಿಂದ ಅಲ್ಲಿಗೆ ಹೋಗಿ ನೋಡುವುದಾದರೆ ನಾನು ತೋರಿಸುವುದು ಈ ಎರಡು ಊರುಗಳನ್ನೇ.

ಉಳಿದು ಬಾಳುವುದು

ಪ್ರವಾಸಿ ವೀಸಾದಲ್ಲಿ ಹಳ್ಳಿಯಲ್ಲಿ ನೆಲೆಸಲಾಗದು. ಭಾರತೀಯರಿಗೆ ವಿಮಾನ ನಿಲ್ದಾಣದಲ್ಲೇ ಸಿಗುವ ವೀಸಾ 30 ದಿನದ್ದು, ಶುಲ್ಕ 5 ಲಕ್ಷ ರುಪಿಯಾ. ಒಮ್ಮೆ ಮಾತ್ರ ಇನ್ನು 30 ದಿನ ವಿಸ್ತರಿಸಬಹುದು. ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ. ಇದರಲ್ಲಿ ದುಡಿಯುವಂತಿಲ್ಲ; ಯೋಗ ಕಲಿಸಿ ಹಣ ಪಡೆದರೂ ದುಡಿಮೆಯೇ. ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಿದರೆ ಸಿಗುವ ಬೇರೆ ವೀಸಾ ಇದೆ. ದೊಡ್ಡ ಮೊತ್ತ ಠೇವಣಿ ಇಡುವವರಿಗೆ, ನಿವೃತ್ತರಿಗೆ ಇನ್ನೂ ಕೆಲವು ಬಗೆಗಳಿವೆ.

ಕಾಗದದ ಆಚೆಗಿನ ಬಾಳು ಸುಲಭವಾಗಿ ಒಗ್ಗುತ್ತದೆ, ಬೆರೆಯುವ ಮನಸ್ಸಿದ್ದರೆ. ಜಾವಾದ ಹಳ್ಳಿಯ ಹೆಂಗಸರು ತಿಂಗಳಿಗೊಮ್ಮೆ ಒಂದು ಮನೆಯಲ್ಲಿ ಸೇರಿ ಹಣ ಕೂಡಿಸಿ, ಚೀಟಿ ಎತ್ತಿ, ಹೆಸರು ಬಂದವರಿಗೆ ಮೊತ್ತ ಕೊಡುತ್ತಾರೆ. ‘ಅರಿಸಾನ್’ ಎನ್ನುವ ಇದು ನಮ್ಮ ಚೀಟಿಯಂತೆಯೇ, ಆದರೆ ಹರಾಜಿಲ್ಲ, ಬಡ್ಡಿ ಇಲ್ಲ. ಹಣಕ್ಕಿಂತ ಒಟ್ಟಿಗೆ ಕೂರುವುದೇ ಮುಖ್ಯ. ರಜೆಯ ದಿನ ಬೆಳಿಗ್ಗೆ ಎಲ್ಲರೂ ಪೊರಕೆ, ಗುದ್ದಲಿ ಹಿಡಿದು ಚರಂಡಿ ತೆಗೆಯಲು ಹೊರಡುವುದಕ್ಕೆ ‘ಕೆರ್ಜಾ ಬಕ್ತಿ’ ಎನ್ನುತ್ತಾರೆ. ಕಾರ್ಯ, ಭಕ್ತಿ. ಹೊಸಬರು ಮನೆಯೊಳಗೆ ಕೂತು ಹಣ ಕಳಿಸಿದರೆ ಯಾರೂ ಬೈಯುವುದಿಲ್ಲ, ಆದರೆ ಗುದ್ದಲಿ ಹಿಡಿದು ಹೋದವರ ಹೆಸರು ಬೇಗ ಊರಿಗೆ ಪರಿಚಯವಾಗುತ್ತದೆ.

ಸಸ್ಯಾಹಾರಿಗಳಿಗೆ ಜಾವಾ ನಿಜಕ್ಕೂ ಅನ್ನದ ನಾಡು. ಬೆಂದ ಸೋಯಾ ಕಾಳನ್ನು ಹುದುಗಿಸಿ ಮಾಡುವ ತೆಂಪೆ ಅಲ್ಲಿಯದೇ. ಸೊಪ್ಪು, ಮೊಳಕೆಗೆ ಕಡಲೆಕಾಯಿ ಚಟ್ನಿ ಸುರಿದ ಪೆಚೆಲ್ ಸಣ್ಣ ‘ವಾರುಂಗ್’ ಹೋಟೆಲುಗಳಲ್ಲಿ ಸಿಗುತ್ತದೆ. ಎಚ್ಚರ ಬೇಕಾದದ್ದು ‘ತೆರಾಸಿ’ಗೆ: ಸೀಗಡಿಯ ಈ ಮುದ್ದೆಯನ್ನು ಖಾರದ ಸಂಬಲ್‌ಗೆ ಅರೆದು ಹಾಕುತ್ತಾರೆ, ಕಣ್ಣಿಗೆ ಕಾಣದು. ‘ತಾನ್ಪಾ ತೆರಾಸಿ’, ಅಂದರೆ ತೆರಾಸಿ ಇಲ್ಲದೆ, ಎಂದು ಮೊದಲೇ ಹೇಳಬೇಕು. ಹಪ್ಪಳದಂಥ ಕ್ರುಪುಕ್‌ನಲ್ಲೂ ಸೀಗಡಿ ಇರಬಹುದು.

ಹಳ್ಳಿಯ ಆರೋಗ್ಯ ಕೇಂದ್ರ ‘ಪುಸ್ಕೆಸ್ಮಾಸ್’ ಜ್ವರ, ಗಾಯಕ್ಕೆ ಸಾಕು. ಹೃದಯಾಘಾತಕ್ಕೆ ನಗರಕ್ಕೇ ಓಡಬೇಕು. ಡೆಂಗಿ ಇದೆ. ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ, ನಾಯಿ ಕಚ್ಚಿದರೆ ತಡಮಾಡುವಂತಿಲ್ಲ. ಭೂಮಿ ನಡುಗುವ ನಾಡು ಎಂಬುದನ್ನು ಮನೆ ಕಟ್ಟುವಾಗ ಮರೆಯಬಾರದು. 2006ರ ಮೇ 27ರಂದು ಯೋಗ್ಯಕರ್ತ ಸುತ್ತಮುತ್ತ ಬೆಳಗಿನ ಜಾವ ನಡುಗಿದಾಗ 5,700ಕ್ಕೂ ಹೆಚ್ಚು ಜನ ಸತ್ತರು. ಅನೇಕರ ಮೇಲೆ ಬಿದ್ದದ್ದು ಕಬ್ಬಿಣದ ಸರಳಿಲ್ಲದ ಇಟ್ಟಿಗೆ ಗೋಡೆ. 2018ರಲ್ಲಿ ಲೊಂಬೊಕ್ ದ್ವೀಪದ ಹಳ್ಳಿಗಳಲ್ಲೂ ಹೀಗೇ ಆಯಿತು. ಮೆರಾಪಿಯಂಥ ಜ್ವಾಲಾಮುಖಿಯ ಬುಡದಲ್ಲಿ ಜಾಗ ಅಗ್ಗವಾಗಿ ಸಿಕ್ಕರೆ, ಏಕೆ ಅಗ್ಗ ಎಂದು ಕೇಳಬೇಕು.

ಮೊದಲು ಒಂದು ತಿಂಗಳು

ಬರೀ ನೋಡಲು ಹೋಗುವವರಿಗೆ ನಿಯಮ ಕಡಿಮೆ. 2024ರ ಫೆಬ್ರುವರಿಯಿಂದ ಬಾಲಿಗೆ ಹೋಗುವ ವಿದೇಶಿಯರು 1.5 ಲಕ್ಷ ರುಪಿಯಾ ಪ್ರವಾಸಿ ಶುಲ್ಕ ಕಟ್ಟಬೇಕು. ಹಳ್ಳಿಗಳಲ್ಲಿ ಬಸ್ಸು ವಿರಳ. ಎಲ್ಲರೂ ಬಾಡಿಗೆಗೆ ಸ್ಕೂಟರ್ ತೆಗೆದುಕೊಳ್ಳುತ್ತಾರೆ. ದ್ವಿಚಕ್ರಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಬಿದ್ದರೆ ಪ್ರಯಾಣ ವಿಮೆಯವರು ಹಣ ಕೊಡಲು ನಿರಾಕರಿಸಬಹುದು. ಬಾಲಿಯ ಹೊಸ ವರ್ಷ ‘ನ್ಯೆಪಿ’ ಸಾಮಾನ್ಯವಾಗಿ ನಮ್ಮ ಯುಗಾದಿಯ ಆಸುಪಾಸಿನಲ್ಲಿ ಬರುತ್ತದೆ. ಆ ದಿನ ದೀಪವಿಲ್ಲ, ಓಡಾಟವಿಲ್ಲ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಟಿಕೆಟ್ ಮಾಡಿಸುವ ಮೊದಲು ದಿನಾಂಕ ನೋಡಿಕೊಳ್ಳಿ.

ಜಾಗದ ಆಸೆ ಇರುವವರು ಆ 30 ದಿನವನ್ನು ಒಂದೇ ಹಳ್ಳಿಯಲ್ಲಿ ಕಳೆಯುವುದು ಒಳ್ಳೆಯದು, ಅದೂ ಜನವರಿ, ಫೆಬ್ರುವರಿಯ ಮಳೆಯಲ್ಲಿ. ರಸ್ತೆ ಎಲ್ಲಿ ಕುಸಿಯುತ್ತದೆ, ಬಾವಿ ಯಾವಾಗ ಕೆಸರಾಗುತ್ತದೆ, ಬೆಳಗಿನ ಅಜಾನ್, ಕೋಳಿ ಕೂಗು, ರಾತ್ರಿಯ ಗಮೆಲಾನ್ ವಾದ್ಯಮೇಳದ ತಾಲೀಮು ನಿಮಗೆ ಒಗ್ಗುತ್ತದೆಯೇ ಎಂದು ಆಗ ತಿಳಿಯುತ್ತದೆ. ಎರ್‌ತೆ ಮುಖ್ಯಸ್ಥನ ಮನೆಗೆ ಹೆಸರು ಬರೆಸಲು ಹೋದಾಗ ಒಂದು ಲೋಟ ಸಿಹಿ ಚಹಾ ಖಂಡಿತ ಬರುತ್ತದೆ, ಕೂತು ಕುಡಿಯಿರಿ. ಜಾಗದ ಮಾತು ಅಲ್ಲಿ ಎತ್ತಿದರೆ ಅದು ಯಾವ ಮನೆಯವರದು, ಎಷ್ಟು ಜನ ವಾರಸುದಾರರು, ಯಾರು ಮಲೇಷ್ಯಾದಲ್ಲಿದ್ದಾರೆ ಎಂಬುದೆಲ್ಲ ದಲ್ಲಾಳಿಗಿಂತ ಮೊದಲು ಅವನಿಂದ ಗೊತ್ತಾಗುತ್ತದೆ. ಬಾಲಿಯಾದರೆ ಇನ್ನೊಂದು ಬೆಳಿಗ್ಗೆ ಪೆಕಾಸೆಯನ್ನು ಕಂಡು, ತೆಂಬುಕುವಿನಿಂದ ಹೊರಟ ನೀರು ಎಲ್ಲೆಲ್ಲಿ ಹಾಯುತ್ತದೆ ಎಂದು ಅವನೊಂದಿಗೆ ಗದ್ದೆಯ ಬದುವಿನ ಮೇಲೆ ನಡೆದು ನೋಡಿ. ನೀವು ನೋಡಿಟ್ಟ ಹತ್ತು ಆರೆಯ ಮೂಲೆಯಲ್ಲಿ ಸಣ್ಣ ಕಾಲುವೆಯೊಂದು ಹಾದುಹೋಗುತ್ತಿದ್ದರೆ ಅಳತೆ ಪಟ್ಟಿ ಹಿಡಿದು ಅದರ ಅಗಲವನ್ನು ಬರೆದುಕೊಳ್ಳಿ, ಮನೆಯ ನಕ್ಷೆ ಮಾಡುವವರಿಗೆ ಮೊದಲು ಕೊಡಬೇಕಾದ ಅಳತೆ ಅದು.